ಗೋಡೆಗೆಷ್ಟು ಕಂಬಳಿ?

ನಮ್ಮ ಸಂಘದ ಯುಗಾದಿ ಕೂಟದಲ್ಲಿ ಊಟಕ್ಕೆ ಕುಳಿತಾಗ, ನಾನು ಗ್ರೇಟರ್ ನೋಯ್ಡಾದಲ್ಲಿ ಕಟ್ಟಿಸುತ್ತಿರುವ ಮನೆಯ ಮಾತು ಬಂತು. ಪಾಯ ಮುಗಿದು ಗೋಡೆ ಏಳಬೇಕಾಗಿದ್ದ ಸಮಯವದು. ಗೋಡೆಗೆ ಉಷ್ಣನಿರೋಧಕ ಹೊದಿಕೆಯನ್ನು, ಅಂದರೆ ಎಲ್ಲರೂ ಇನ್ಸುಲೇಶನ್ ಎಂದು ಕರೆಯುವ ವಸ್ತುವನ್ನು, ಎಷ್ಟು ದಪ್ಪ ಹಾಕಿಸಬೇಕೆಂಬ ಲೆಕ್ಕದಲ್ಲಿ ತೊಡಗಿದ್ದೇನೆ ಎಂದೆ. ಪಂಕ್ತಿಯಲ್ಲಿದ್ದವರು ನಕ್ಕರು. "ಏನ್ರೀ ಸಾಹೇಬ್ರ, ಇದೇನು ಕಾಶ್ಮೀರವೇ? ಗೋಡೆಗೆ ಕಂಬಳಿ ಹೊದಿಸುತ್ತೀರಾ?" ಎಂದು ಹಿರಿಯರೊಬ್ಬರು ಕೇಳಿದರು. ಆ ನಗೆಯಲ್ಲಿ ನಾನೂ ಸೇರಿಕೊಂಡೆ. ಆದರೆ ಮನೆಗೆ ಬಂದ ಮೇಲೆ, ಆ ಪ್ರಶ್ನೆಗೆ ನಗೆಯಲ್ಲದ ಉತ್ತರವೊಂದು ಸಲ್ಲಬೇಕೆನ್ನಿಸಿತು. ಈ ಲೇಖನ ಆ ಉತ್ತರ.

ಹೊದಿಕೆಯೆಂಬುದು ಚಳಿಯ ದೇಶದವರ ಗೊಡವೆ, ಬಿಸಿಲ ನಾಡಿನವರಿಗೆ ಒಂದು ಎ.ಸಿ. ಇದ್ದರೆ ಸಾಕು ಎಂಬ ನಂಬಿಕೆ ನಮ್ಮ ಸುಶಿಕ್ಷಿತ ವರ್ಗದಲ್ಲಿ ಬೇರೂರಿದೆ. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಶಾಖದ ಹಾದಿಗೆ ಅಡ್ಡ ನಿಲ್ಲುತ್ತದೆ, ಅಷ್ಟೆ. ಮಂಜುಗಡ್ಡೆ ಮಾರುವವನು ಅದನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿತಾಟು ಸುತ್ತಿ ತರುತ್ತಿದ್ದುದನ್ನು ಕಣ್ಣಾರೆ ಕಂಡ ನಮ್ಮ ತಲೆಮಾರಿನವರಾದರೂ ಈ ಸತ್ಯವನ್ನು ಮರೆಯಬಾರದಾಗಿತ್ತು.

ನಾನು ಬಾಗಲಕೋಟೆ ಸೀಮೆಯವನು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಕೇಂದ್ರ ಸರ್ಕಾರದ ಚಾಕರಿ ಹಿಡಿದು ದೆಹಲಿಗೆ ಬಂದು ಮೂವತ್ತು ವರ್ಷ ದಾಟಿತು. ಸರ್ಕಾರಿ ವಸತಿಗೃಹವೊಂದರ ಮೇಲಂತಸ್ತಿನಲ್ಲಿ ವಾಸ. ಪಶ್ಚಿಮಕ್ಕೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ, ತಲೆಯ ಮೇಲೆ ಬರಿಯ ಕಾಂಕ್ರೀಟು ಚಾವಣಿ. 2024ರ ಜೂನ್ ತಿಂಗಳಲ್ಲಿ ಸಫ್ದರ್‌ಜಂಗ್ ವೀಕ್ಷಣಾಲಯದ ಕನಿಷ್ಠ ಉಷ್ಣಾಂಶವೇ 35 ಡಿಗ್ರಿಯನ್ನು ದಾಟಿತು. ಕನಿಷ್ಠವೆಂದರೆ ಬೆಳಗಿನ ಜಾವದ, ಇಡೀ ದಿನದಲ್ಲೇ ಅತಿ ತಂಪಾದ ಗಳಿಗೆಯ ಅಂಕೆ ಎಂಬುದನ್ನು ಓದುಗರು ಗಮನಿಸಬೇಕು. ಆ ದಿನಗಳ ಒಂದು ರಾತ್ರಿ ಕರೆಂಟು ಹೋಯಿತು. ಎಂಬತ್ತರ ಸಮೀಪದಲ್ಲಿರುವ ನನ್ನ ಅವ್ವ ಮಂಚದ ಪಕ್ಕದ ಗೋಡೆಗೆ ಅಂಗೈ ಇಟ್ಟು, "ಈ ಗ್ವಾಡಿಗಿ ಜ್ವರ ಬಂದೈತೇನಪಾ?" ಎಂದು ಕೇಳಿದಳು. ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ತಾಪಮಾಪಕ ಮನೆಯಲ್ಲಿತ್ತು. ವಸ್ತುಗಳ ಶಾಖವನ್ನೂ ಅದು ಅಳೆಯುತ್ತದೆ. ಗೋಡೆಯ ಒಳಮೈಗೆ ಹಿಡಿದೆ. ರಾತ್ರಿ ಹನ್ನೊಂದು ಗಂಟೆಗೆ 39 ಡಿಗ್ರಿ. ಅವ್ವ ವಿನೋದಕ್ಕೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಮರುದಿನ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರ ದಯೆ, ಮೂರು ದಿನಗಳಲ್ಲಿ ಚೇತರಿಸಿಕೊಂಡಳು.

ಇಟ್ಟಿಗೆಯ ಗೋಡೆ ಬಿಸಿಲನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಸಾಲವಾಗಿ ಇಟ್ಟುಕೊಳ್ಳುತ್ತದೆ. ಸಂಜೆ ನಾಲ್ಕರ ಬಿಸಿಲಿನ ಸಾಲವನ್ನು ಆರೇಳು ತಾಸುಗಳ ನಂತರ, ನಾವು ಮಲಗುವ ವೇಳೆಗೆ ಸರಿಯಾಗಿ, ಕೋಣೆಯೊಳಗೆ ತೀರಿಸುತ್ತದೆ. ನಿವೃತ್ತಿಯ ನಂತರ ಅವ್ವನನ್ನು ಅಂಥದೇ ಇನ್ನೊಂದು ಗೋಡೆಯ ಪಕ್ಕದಲ್ಲಿ ಮಲಗಿಸಲಾರೆ ಎಂದು ಅಂದೇ ನಿಶ್ಚಯಿಸಿದೆ. ಎಷ್ಟು ದಪ್ಪದ ಹೊದಿಕೆ ಎಂಬ ಪ್ರಶ್ನೆ ನನಗೆ ಎದುರಾದದ್ದು ಹೀಗೆ.

ಮೂವರು ಸಲಹೆಗಾರರು

ಸಲಹೆಗೇನೂ ಬರವಿರಲಿಲ್ಲ. ಮೊದಲನೆಯವನು ನನ್ನ ಠೇಕೇದಾರ. "ಸಾಹಬ್, ಗೋಡೆಗೆ ಹಾಕುವ ಹಣದಲ್ಲಿ ಇನ್ನೊಂದು ಎ.ಸಿ. ಹಾಕಿಸಿಬಿಡಿ" ಎಂಬುದು ಅವನ ಸಿದ್ಧಾಂತ. ಅಷ್ಟೇ ಅಲ್ಲ, ಒಂಬತ್ತಿಂಚಿನ ಗೋಡೆಯೂ ದಂಡ, ನಾಲ್ಕೂವರೆ ಇಂಚು ಸಾಕು, ಒಳಗೆ ಜಾಗ ಉಳಿಯುತ್ತದೆ ಎಂದ. ಎರಡನೆಯವರು ಆ ಪಂಕ್ತಿಯ ಹಿರಿಯರು. ಎರಡಡಿ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಪೂರ್ವಜರ ಜ್ಞಾನವನ್ನು ಬಿಟ್ಟು ಪರದೇಶದ ನೊರೆಹಲಗೆ ಏಕೆ ಎಂಬುದು ಅವರ ವಾದ. ಮೂರನೆಯವನು ಜರ್ಮನಿಯಲ್ಲಿ ಎಂಜಿನಿಯರಾಗಿರುವ ನನ್ನ ಸೋದರಳಿಯ. "ಮಾಮಾ, ಮುನ್ನೂರು ಮಿಲಿಮೀಟರಿಗಿಂತ ಕಡಿಮೆ ಹಾಕಿಸಬೇಡ. ಇಲ್ಲಿ ಹೊಸ ಮನೆಗಳಿಗೆ ಹಾಗೇ ಹಾಕುತ್ತಾರೆ" ಎಂದು ದೂರವಾಣಿಯಲ್ಲಿ ಆಗ್ರಹಪಡಿಸಿದ.

ಏನೂ ಬೇಡ ಎನ್ನುವವನು ಒಬ್ಬ, ಅಜ್ಜನದು ಸಾಕು ಎನ್ನುವವರು ಒಬ್ಬರು, ಪರದೇಶದ್ದೇ ಬೇಕು ಎನ್ನುವವನು ಮತ್ತೊಬ್ಬ. ಗಮನಿಸಿದರೆ ನಮ್ಮ ದೇಶದ ಎಲ್ಲ ಸಾರ್ವಜನಿಕ ಚರ್ಚೆಗಳೂ ಈ ಮೂರು ಧ್ವನಿಗಳಲ್ಲಿಯೇ ನಡೆಯುತ್ತವೆ. ಈ ಮೂವರಲ್ಲಿ ಯಾರೂ ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕಿದವರಲ್ಲ ಎಂಬುದೇ ನನ್ನ ಆಕ್ಷೇಪಣೆ. 'ಎಷ್ಟು' ಎಂಬ ಪ್ರಶ್ನೆಗೆ ಉತ್ತರವಿದೆ. ಅದು ಅಭಿಮಾನದಿಂದಲೋ ಅನುಕರಣೆಯಿಂದಲೋ ಹುಟ್ಟುವಂಥದಲ್ಲ.

ಹಾಳೆಯ ಮೇಲಿನ ಲೆಕ್ಕ

ಗೋಡೆಯ ಒಂದು ಚದರ ಮೀಟರಿನ ಎರಡು ಬದಿಗಳ ನಡುವೆ ಒಂದು ಡಿಗ್ರಿ ಅಂತರವಿದ್ದಾಗ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬ ಅಳತೆಗೆ ಯು-ಮೌಲ್ಯ ಎಂದು ಹೆಸರು. ಅದು ಕಡಿಮೆಯಾದಷ್ಟೂ ಗೋಡೆ ಒಳ್ಳೆಯದು. ಎರಡೂ ಬದಿ ಗಾರೆ ಬಳಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು ಸುಮಾರು 2. ನಾಲ್ಕೂವರೆ ಇಂಚಿನದು 2.8. ಹೊದಿಕೆಯ ವಸ್ತು ಥರ್ಮೋಕೋಲ್ ಇರಲಿ, ರಾಕ್‌ವುಲ್ ಎಂಬ ಕಲ್ಲಿನ ನಾರಿರಲಿ, ಶಾಖ ತಡೆಯುವ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ.

ಈಗ ಹತ್ತು ಚದರ ಮೀಟರ್ ವಿಸ್ತಾರದ ಪಶ್ಚಿಮದ ಗೋಡೆಯೊಂದನ್ನು ತೆಗೆದುಕೊಳ್ಳೋಣ. ಬಿಸಿಲಿನಲ್ಲಿ ಕಾದ ಅದರ ಹೊರಗಿಗೂ ಕೋಣೆಯ ಒಳಗಿಗೂ 20 ಡಿಗ್ರಿ ಅಂತರವಿದೆ ಎನ್ನೋಣ. ಬರಿಯ ಒಂಬತ್ತಿಂಚಿನ ಗೋಡೆಯಲ್ಲಿ 400 ವ್ಯಾಟ್ ಶಾಖ ಒಳಗೆ ಹರಿಯುತ್ತದೆ. 25 ಮಿ.ಮೀ., ಅಂದರೆ ಒಂದೇ ಇಂಚು ಹೊದಿಕೆ ಹಾಕಿದರೆ ಅದು ಸುಮಾರು 165ಕ್ಕೆ ಇಳಿಯುತ್ತದೆ. 50 ಮಿ.ಮೀ.ಗೆ 104, 75ಕ್ಕೆ 76, 100ಕ್ಕೆ 60, 200 ಮಿ.ಮೀ. ಹಾಕಿದರೂ 32. ಮೊದಲನೆಯ ಇಂಚು ಉಳಿಸಿಕೊಟ್ಟದ್ದು 235 ವ್ಯಾಟ್. ಎರಡನೆಯದು 61. ಮೂರನೆಯದು 28. ನಾಲ್ಕನೆಯದು 16. ಆಮೇಲಿನ ನಾಲ್ಕು ಇಂಚುಗಳು ಒಟ್ಟು ಸೇರಿ ಉಳಿಸಿದ್ದು ಬರಿಯ 28.

ಹಸಿದವನಿಗೆ ಮೊದಲನೆಯ ರೊಟ್ಟಿಯ ಬೆಲೆಯೇ ಬೇರೆ, ಆರನೆಯ ರೊಟ್ಟಿಯ ಬೆಲೆಯೇ ಬೇರೆ. 'ಏನೂ ಬೇಡ' ಎನ್ನುವ ಠೇಕೇದಾರ ಮೊದಲನೆಯ ರೊಟ್ಟಿಯನ್ನು ಕಿತ್ತುಕೊಳ್ಳುತ್ತಾನೆ; ಸೋದರಳಿಯ ಹನ್ನೆರಡನೆಯದನ್ನು ತುರುಕುತ್ತಾನೆ. ಇಬ್ಬರೂ ಹಸಿವೆಯನ್ನು ಅಳೆದಿಲ್ಲ.

ಇನ್ನೊಂದು ಅಂಕೆಯನ್ನು ಇದರ ಪಕ್ಕದಲ್ಲಿಡಬೇಕು. ಮೇ ತಿಂಗಳ ಇಳಿಹೊತ್ತಿನಲ್ಲಿ ಪಶ್ಚಿಮಕ್ಕೆ ಮುಖಮಾಡಿದ, ನೆರಳಿಲ್ಲದ ಒಂದು ಚದರ ಮೀಟರ್ ಸಾದಾ ಗಾಜಿನ ಮೂಲಕ 500 ವ್ಯಾಟಿನಷ್ಟು ಬಿಸಿಲು ಒಳಗೆ ಬರುತ್ತದೆ. ಅಂದರೆ ಒಂದು ಸಣ್ಣ ಕಿಟಕಿ, ಹೊದಿಕೆಯಿಲ್ಲದ ಇಡೀ ಗೋಡೆಗಿಂತ ಹೆಚ್ಚು ಶಾಖ ತರುತ್ತದೆ. ಕಿಟಕಿಗೆ ಸಜ್ಜಾ ಇಲ್ಲದೆ, ಹೊರಗೆ ತಟ್ಟಿ ಇಲ್ಲದೆ, ಗೋಡೆಗೆ ಆರು ಇಂಚು ಹೊದಿಕೆ ಹಾಕುವುದು ತೂತುಬಿದ್ದ ಕೊಡಕ್ಕೆ ಬೆಳ್ಳಿಯ ಕಟ್ಟು ಹಾಕಿಸಿದಂತೆ. ಚಾವಣಿಯ ಕಥೆ ಇನ್ನೂ ಕೆಟ್ಟದು. ಆರಿಂಚಿನ ಬರಿಯ ಕಾಂಕ್ರೀಟಿನ ಯು-ಮೌಲ್ಯ 3.5ರ ಆಸುಪಾಸು, ಬೇಸಗೆಯ ಸೂರ್ಯ ದಿನದ ಬಹುಭಾಗ ಅದರ ಮೇಲೆಯೇ ಇರುತ್ತಾನೆ. ಉತ್ತರ ಭಾರತದ ಹಳಬರು ಚಾವಣಿಯ ಮೇಲೆ 'ಮಿಟ್ಟಿ ಫುಸ್ಕಾ' ಎಂದು ಮಣ್ಣು ದಮ್ಮಸುಮಾಡಿ, ಮೇಲೆ ಚಪ್ಪಟೆ ಇಟ್ಟಿಗೆ ಹಾಸುತ್ತಿದ್ದುದು ಸುಮ್ಮನೆ ಅಲ್ಲ. ಆದ್ದರಿಂದ ಹಣದ ಸರದಿ ಹೀಗಿರಬೇಕು: ಮೊದಲು ಚಾವಣಿ, ಅನಂತರ ಕಿಟಕಿಯ ನೆರಳು, ಅನಂತರ ಗೋಡೆ. ಗೋಡೆಯ ಹೊದಿಕೆಯನ್ನು ಸಮರ್ಥಿಸಲು ಹೊರಟವನೇ ಅದನ್ನು ಮೂರನೆಯ ಸ್ಥಾನದಲ್ಲಿ ಇಡುತ್ತಿದ್ದೇನೆ. ಸತ್ಯ ಹಾಗಿರುವಾಗ ಬೇರೇನು ಮಾಡಲಿ?

ನಾಲ್ಕು ಗೋಡೆಗಳೂ ಒಂದೇ ಅಲ್ಲ

ನನ್ನ ನಿವೇಶನ 120 ಚದರ ಮೀಟರಿನದು. ಎಂಟು ಮೀಟರ್ ಅಗಲ, ಹದಿನೈದು ಮೀಟರ್ ಉದ್ದ, ಪಶ್ಚಿಮಕ್ಕೆ ಮುಖ. ಎರಡೂ ಪಕ್ಕ ನೆರೆಯವರ ನಿವೇಶನಗಳು ಅಂಟಿಕೊಂಡಿವೆ. ಉತ್ತರದಲ್ಲಿ ಆಗಲೇ ಮನೆ ಎದ್ದಿದೆ. ಆ ಕಡೆಯ ಗೋಡೆಗೆ ನೆರೆಮನೆಯೇ ಹೊದಿಕೆ. ಅಲ್ಲಿ ಒಂದು ರೂಪಾಯಿಯನ್ನೂ ಹಾಕಬೇಕಾಗಿಲ್ಲ. ದಕ್ಷಿಣದ ನಿವೇಶನ ಖಾಲಿ ಇದೆ. ಇಂದಲ್ಲ ನಾಳೆ ಅಲ್ಲಿಯೂ ಮನೆ ಏಳುತ್ತದೆ. ಆ ಗೋಡೆಗೆ ಹಗುರ ಬ್ಲಾಕೇ ಸಾಕು. ಉಳಿದದ್ದು ಪೂರ್ವ ಮತ್ತು ಪಶ್ಚಿಮ. 'ಮನೆಗೆ ಎಷ್ಟು ಹೊದಿಕೆ' ಎಂಬ ಪ್ರಶ್ನೆಯೇ ತಪ್ಪು; 'ಯಾವ ಗೋಡೆಗೆ ಎಷ್ಟು' ಎಂದು ಕೇಳಬೇಕು.

ಇಟ್ಟಿಗೆಯ ಬದಲು ಎಂಟಿಂಚಿನ ಎ.ಎ.ಸಿ. ಬ್ಲಾಕುಗಳನ್ನು, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕುಗಳನ್ನು, ಕಟ್ಟಿದರೆ ಗೋಡೆಯ ಯು-ಮೌಲ್ಯ ಒಮ್ಮೆಲೇ 2ರಿಂದ 0.8ಕ್ಕೆ ಬರುತ್ತದೆ. ಒಂದಿಂಚು ಹೊದಿಕೆ ಹಾಕಿದ ಇಟ್ಟಿಗೆ ಗೋಡೆಗೆ ಇದು ಸಮ. ಹಾಗಾದರೆ ಹೊದಿಕೆ ಬೇಡವೆ? ಇಲ್ಲಿ ಒಂದು ಸೂಕ್ಷ್ಮವಿದೆ. ಹಲವು ಎಂಜಿನಿಯರರೂ ಇದನ್ನು ಮರೆಯುತ್ತಾರೆ. ನಮ್ಮ ಮನೆಗಳು ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಮೇಲೆ ನಿಂತಿವೆ. ಗೋಡೆಯ ಹೊರಮೈಯಲ್ಲಿ ಶೇಕಡಾ 15ರಷ್ಟು ಕಾಂಕ್ರೀಟು ಎಂದಿಟ್ಟುಕೊಂಡರೆ, ಒಟ್ಟು ಗೋಡೆಯಲ್ಲಿ ಹಾಯುವ ಶಾಖದ ಶೇಕಡಾ 40ರ ಸಮೀಪ ಆ ಕಂಬ-ತೊಲೆಗಳ ಮೂಲಕವೇ ಬರುತ್ತದೆ. ಕೋಟೆಯ ಗೋಡೆಯನ್ನು ಎತ್ತರಿಸಿ ದಿಡ್ಡಿಬಾಗಿಲನ್ನು ತೆರೆದಿಟ್ಟಂತೆ. ಇದರಿಂದಾಗಿ ಗೋಡೆಯ ಸರಾಸರಿ ಯು-ಮೌಲ್ಯ 1.07ಕ್ಕೆ ಏರುತ್ತದೆ. ಕಂಬ-ತೊಲೆಗಳ ಮೇಲೂ ಹಾಯುವಂತೆ ಹೊರಗಿನಿಂದ 50 ಮಿ.ಮೀ. ಹೊದಿಕೆ ಹಾಕಿದಾಗ ಅದು 0.4ಕ್ಕೆ ಇಳಿಯುತ್ತದೆ. 25 ಮಿ.ಮೀ. ಸಾಕಲ್ಲವೆ ಎಂದು ಕೇಳಬಹುದು, ಅದರಲ್ಲಿ 0.56. ಆದರೆ ಅಟ್ಟಣಿಗೆ, ಬಲೆ, ಗಾರೆ, ಕೂಲಿ ಎರಡಕ್ಕೂ ಒಂದೇ. ಹೆಚ್ಚುವುದು ಹಲಗೆಯ ಬೆಲೆ ಮಾತ್ರ. 100ಕ್ಕೆ ಹೋದರೆ ಹಲಗೆಯ ಬೆಲೆ ಇಮ್ಮಡಿಯಾಗಿ ಸಿಗುವ ಲಾಭ ಅತ್ಯಲ್ಪ. ಹೀಗಾಗಿ ಪೂರ್ವ-ಪಶ್ಚಿಮಗಳ ಹೊರಮೈಗೆ ಎರಡು ಇಂಚು, ಚಾವಣಿಗೆ ಮೂರು ಇಂಚು, ಉತ್ತರ-ದಕ್ಷಿಣಗಳಿಗೆ ಸೊನ್ನೆ. ನನ್ನ ಉತ್ತರ ಇದು.

ವಸ್ತುವಿನ ಆಯ್ಕೆಯಲ್ಲಿ ಅಗ್ಗವನ್ನೊಂದೇ ನೋಡಬಾರದು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್‌ನಲ್ಲಿ ಬೆಂಕಿ ಹತ್ತಿ 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ, ಉರಿಯುವ ಸಾಮಗ್ರಿಯೇ ಜ್ವಾಲೆಯನ್ನು ಮೇಲಿನ ಅಂತಸ್ತುಗಳಿಗೆ ಒಯ್ದಿತು. ರಾಕ್‌ವುಲ್ ಉರಿಯುವುದಿಲ್ಲ, ಆದರೆ ನೀರು ಹೊಕ್ಕರೆ ಕೆಟ್ಟಿತು. ಆದ್ದರಿಂದ ಗೋಡೆಗೆ ಅದನ್ನು ಹಾಕಿಸಿ, ಮೇಲಿನ ಗಾರೆಯನ್ನು ನಿಂತು ನೋಡಿ ಮಾಡಿಸಬೇಕು. ಚಾವಣಿಯಲ್ಲಿ ನೀರಿಗೆ ಬಗ್ಗದ ಗಟ್ಟಿ ನೊರೆಹಲಗೆ, ಅದರ ಮೇಲೆ ಗಾರೆ, ಬಿಳಿಯ ಹೆಂಚು.

ಅಜ್ಜನ ಗೋಡೆ, ಅಳಿಯನ ಗೋಡೆ

ಈಗ ಹಿರಿಯರ ಮಾತಿಗೆ ಬರುತ್ತೇನೆ. ನಾನೂ ಎರಡಡಿ ಮಣ್ಣಿನ ಗೋಡೆಯ ಮನೆಯಲ್ಲಿಯೇ ಹುಟ್ಟಿದವನು. ಆ ತಂಪನ್ನು ನನ್ನ ಮೈ ಇನ್ನೂ ಮರೆತಿಲ್ಲ. ಆದರೆ ಮೈ ಮರೆಯದುದನ್ನು ಬುದ್ಧಿ ಪರೀಕ್ಷಿಸಬಾರದೆಂದೇನೂ ಇಲ್ಲ. ಎರಡಡಿ ಮಣ್ಣಿನ ಗೋಡೆಯ ಯು-ಮೌಲ್ಯ 1.1ರ ಹತ್ತಿರ. ಎರಡಿಂಚು ಹೊದಿಕೆ ಹೊದ್ದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು ಅದರ ಅರ್ಧ. ಮಣ್ಣಿನ ಗೋಡೆಯ ಹೆಚ್ಚುಗಾರಿಕೆ ಇದ್ದುದು ತಡೆಯುವುದರಲ್ಲಿ ಅಲ್ಲ, ತಾಳಿಕೊಳ್ಳುವುದರಲ್ಲಿ. ಹಗಲಿನ ಶಾಖವನ್ನು ಹೊಟ್ಟೆಗೆ ಹಾಕಿಕೊಂಡು, ರಾತ್ರಿಯ ತಂಪು ಗಾಳಿಗೆ ಅದು ಬಿಟ್ಟುಕೊಡುತ್ತಿತ್ತು. ನಾವು ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಮಲಗುತ್ತಿದ್ದೆವು ಎಂಬುದನ್ನೂ ನೆನೆಯಬೇಕು. ಗೋಡೆ ರಾತ್ರಿ ಕಾದರೂ ನಮಗೆ ಬಾಧಕವಿರಲಿಲ್ಲ. ರಾತ್ರಿಯೇ 35 ಡಿಗ್ರಿ ಇರುವ ಊರಿನಲ್ಲಿ ಆ ಗೋಡೆ ತನ್ನ ಶಾಖವನ್ನು ಯಾರಿಗೆ ಬಿಟ್ಟುಕೊಡಬೇಕು? ಎಂಟು ಮೀಟರ್ ಅಗಲದ ನಿವೇಶನದಲ್ಲಿ ಎರಡೂ ಪಕ್ಕ ಎರಡಡಿ ಗೋಡೆ ಎದ್ದರೆ ಮನೆಯವರು ಎಲ್ಲಿರಬೇಕು? ಪೂರ್ವಜರಲ್ಲಿ ಜ್ಞಾನವಿತ್ತು, ಅದು ಅವರ ಊರಿನ ರಾತ್ರಿಗೆ, ಅವರ ಅಂಗಳಕ್ಕೆ ಹೊಂದಿದ ಜ್ಞಾನ. ಅವರು ತಮ್ಮ ಹವೆಯನ್ನು ನೋಡಿ ಗೋಡೆ ಕಟ್ಟಿದರು. ಅವರಿಂದ ಕಲಿಯಬೇಕಾದದ್ದು ಈ ನೋಡುವ ಕ್ರಮವನ್ನೇ ಹೊರತು ಗೋಡೆಯ ದಪ್ಪವನ್ನಲ್ಲ.

ಇದನ್ನರಿತು ಕೆಲಸಮಾಡಿದವರು ನಮ್ಮಲ್ಲಿಯೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣನ್ನು ತುಸು ಸಿಮೆಂಟಿನೊಡನೆ ಒತ್ತಿ ಮಾಡಿದ ಇಟ್ಟಿಗೆಗಳನ್ನು ಬಳಕೆಗೆ ತಂದರು. ಕೇರಳದಲ್ಲಿ ಲಾರಿ ಬೇಕರ್ ಇಟ್ಟಿಗೆಗಳನ್ನು ಅಡ್ಡಲಾಗಿ ನಿಲ್ಲಿಸಿ, ನಡುವೆ ಗಾಳಿಯ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಜನಪ್ರಿಯಗೊಳಿಸಿದರು. ಇಟ್ಟಿಗೆಯೂ ಉಳಿಯಿತು, ಶಾಖವೂ ತಗ್ಗಿತು. ಅವರು ಹಳೆಯದನ್ನು ಹೊಗಳುತ್ತ ಕೂಡಲಿಲ್ಲ. ಅಳೆದು, ತೂಗಿ, ಮುಂದಕ್ಕೆ ಒಯ್ದರು.

ಸೋದರಳಿಯನ ಮಾತೂ ಅಷ್ಟೆ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರಲ್ಲಿ ಮೊದಲ 'ಪ್ಯಾಸಿವ್ ಹೌಸ್' ಎದ್ದಿತು. ಆ ಮಾದರಿಯಲ್ಲಿ ಗೋಡೆಯ ಯು-ಮೌಲ್ಯ 0.15ರ ಮಟ್ಟದಲ್ಲಿರುತ್ತದೆ, ಅದಕ್ಕಾಗಿ ಅಷ್ಟು ದಪ್ಪದ ಹೊದಿಕೆ. ಅಲ್ಲಿ ಅದು ಸರಿ. ಅಲ್ಲಿಯ ಚಳಿಗಾಲದಲ್ಲಿ ಹೊರಗೆ ಸೊನ್ನೆಯ ಆಸುಪಾಸು, ಒಳಗೆ 20 ಡಿಗ್ರಿ. ಈ ಅಂತರ ಹಗಲಿರುಳೂ ವಾರಗಟ್ಟಲೆ ನಿಂತಿರುತ್ತದೆ. ದೆಹಲಿಯ ಜೂನ್‌ನಲ್ಲಿ ಹಗಲು-ರಾತ್ರಿಗಳ ಸರಾಸರಿ ಹಿಡಿದರೆ ಗಾಳಿಯ ಉಷ್ಣಾಂಶ 34ರ ಸಮೀಪ. ಕೋಣೆಯನ್ನು 26ರಲ್ಲಿಟ್ಟರೆ ಅಂತರ ಎಂಟು ಡಿಗ್ರಿ. ಬಿಸಿಲು ಬೀಳುವ ಗೋಡೆಯಲ್ಲಿ ಕೆಲವು ತಾಸು ಅದು ಹೆಚ್ಚುತ್ತದೆ, ನಿಜ. ಆದರೆ ಕೆಲವೇ ತಾಸು. ಇಪ್ಪತ್ತು ಡಿಗ್ರಿಯ ಔಷಧಿಯನ್ನು ಎಂಟು ಡಿಗ್ರಿಯ ರೋಗಕ್ಕೆ ಕೊಡುವ ವೈದ್ಯನನ್ನು ಏನೆನ್ನಬೇಕು? ಮೇಲಾಗಿ ನನ್ನ ಎರಡು ಪಕ್ಕದ ಗೋಡೆಗಳಿಗೆ, ಹನ್ನೆರಡು ಮೀಟರ್ ಉದ್ದಕ್ಕೆ, ಅವನು ಹೇಳಿದಷ್ಟು ಹೊದಿಕೆ ಹಾಕಿಸಿದ್ದರೆ ಪ್ರತಿ ಅಂತಸ್ತಿನಲ್ಲೂ ಏಳು ಚದರ ಮೀಟರ್ ನೆಲ ಹೋಗುತ್ತಿತ್ತು. ಅದು ಅವ್ವ ಮಲಗುವ ಕೋಣೆಯಷ್ಟು ಜಾಗ.

ನಿಯಮದ ಗೆರೆಯ ಕೆಳಗಿನವರು

ಇಲ್ಲಿಯವರೆಗೆ ನನ್ನ ಮನೆಯ ಮಾತಾಯಿತು. ಆದರೆ ಇದು ನನ್ನೊಬ್ಬನ ಮನೆಯ ಮಾತಲ್ಲ ಎಂಬುದೇ ಈ ಲೇಖನದ ನಿಜವಾದ ತಕರಾರು.

ಕೇಂದ್ರ ವಿದ್ಯುತ್ ಸಚಿವಾಲಯದ ಅಧೀನದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರಿನಲ್ಲಿ 'ಇಕೋ ನಿವಾಸ ಸಂಹಿತಾ'ದ ಮೊದಲ ಭಾಗವನ್ನು ಹೊರತಂದಿತು. ವಾಸದ ಮನೆಗಳ ಗೋಡೆ, ಕಿಟಕಿ, ಚಾವಣಿಗಳಿಗಾಗಿ ಈ ದೇಶದಲ್ಲಿ ಬಂದ ಮೊದಲ ಇಂಧನ ಸಂಹಿತೆ ಅದು. ನಿಸ್ಸಂಶಯವಾಗಿ ಒಳ್ಳೆಯ ಕೆಲಸ. ಚಾವಣಿಯ ಯು-ಮೌಲ್ಯ 1.2ನ್ನು ಮೀರಬಾರದು, ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖದ ಸೂಚ್ಯಂಕ ಚದರ ಮೀಟರಿಗೆ 15 ವ್ಯಾಟನ್ನು ಮೀರಬಾರದು. ಈ ಸೂಚ್ಯಂಕದ ಸೂತ್ರದಲ್ಲಿ ಒಂದೊಂದು ಹವಾಮಾನಕ್ಕೂ ಬೇರೆ ಬೇರೆ ತೂಕ. ಗೋಡೆಗೆ ದೆಹಲಿಯಂಥ ಮಿಶ್ರ ಹವೆಯಲ್ಲಿ 6.06ರ ತೂಕವಿದ್ದರೆ, ಬೆಂಗಳೂರಿನಂಥ ಸಮಶೀತೋಷ್ಣದಲ್ಲಿ 3.38. ಕಿಟಕಿಯ ವಿಸ್ತಾರ ಶೇಕಡಾ 15 ಇರುವ, ಸಾಧಾರಣ ನೆರಳಿನ ಒಂಬತ್ತಿಂಚಿನ ಇಟ್ಟಿಗೆ ಮನೆಯೊಂದಕ್ಕೆ, ದಿಕ್ಕಿನ ತೂಕವನ್ನು ಬದಿಗಿಟ್ಟು, ನಾನು ಲೆಕ್ಕ ಹಾಕಿ ನೋಡಿದೆ. ದೆಹಲಿಯಲ್ಲಿ ಸೂಚ್ಯಂಕ 19, ಅನುತ್ತೀರ್ಣ. ಅದೇ ಮನೆ ಬೆಂಗಳೂರಿನಲ್ಲಿ 13ರೊಳಗೆ, ಉತ್ತೀರ್ಣ. ದೆಹಲಿಯಲ್ಲಿ ಕಿಟಕಿಗಳಿಗೆ ಒಳ್ಳೆಯ ನೆರಳು ಕೊಟ್ಟು ಹಗುರ ಬ್ಲಾಕು ಕಟ್ಟಿದರೆ ಹತ್ತರ ಸಮೀಪಕ್ಕೆ ಇಳಿಯುತ್ತದೆ. ನಿವೃತ್ತಿಯ ಮೇಲೆ ಬೆಂಗಳೂರಿಗೆ ಮರಳುವ ಮಿತ್ರರು ದೆಹಲಿಯ ನನ್ನ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಕಾಗಿಲ್ಲ. ಅಲ್ಲಿ ಚಾವಣಿ ಮತ್ತು ನೆರಳನ್ನು ನೋಡಿಕೊಂಡರೆ ಗೋಡೆಯನ್ನು ಹಾಗೇ ಬಿಡಬಹುದು. ಕಲಬುರಗಿ, ರಾಯಚೂರುಗಳಿಗೆ ಮರಳುವವರು ಮಾತ್ರ ಪಶ್ಚಿಮದ ಗೋಡೆಯನ್ನು ಮರೆಯಬಾರದು.

ಹಾಗಾದರೆ ತಕರಾರೇನು? ಈ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ವಾಸದ ಕಟ್ಟಡಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಅಲ್ಲಿಯ ಮಿತಿ 100 ಕಿಲೋವ್ಯಾಟಿನ ವಿದ್ಯುತ್ ಸಂಪರ್ಕ. ಐದಾರು ಕಿಲೋವ್ಯಾಟಿನ ಸಂಪರ್ಕ ಪಡೆದು 120 ಚದರ ಮೀಟರಿನಲ್ಲಿ ಮನೆ ಕಟ್ಟುವ ಗುಮಾಸ್ತ, ಶಿಕ್ಷಕ, ದಾದಿ, ಅಂಗಡಿಕಾರ, ಇವರು ಯಾರೂ ಆ ಗೆರೆಯನ್ನು ಮುಟ್ಟುವುದಿಲ್ಲ. ದೊಡ್ಡ ನಿವೇಶನದ ಧನಿಕನಿಗೆ ವಾಸ್ತುಶಿಲ್ಪಿ ಇದ್ದಾನೆ, ಸಲಹೆಗಾರನಿದ್ದಾನೆ. ಅವರ ಮೇಲೆ ಸಂಹಿತೆಯೂ ಇದೆ. ಸಣ್ಣ ನಿವೇಶನದವನಿಗೆ ಇರುವುದು ಠೇಕೇದಾರನೊಬ್ಬನೇ. ಯಾರಿಗೆ ತಿಳಿವಳಿಕೆಯ ಅಗತ್ಯ ಅತ್ಯಧಿಕವೋ ಅವರನ್ನೇ ಗೆರೆಯ ಕೆಳಗೆ ಬಿಟ್ಟಿದ್ದೇವೆ. 'ಬಿಟ್ಟಿದ್ದೇವೆ' ಎಂದು ಬುದ್ಧಿಪೂರ್ವಕವಾಗಿಯೇ ಬರೆದಿದ್ದೇನೆ. ನಾನೂ ಆ ಯಂತ್ರದ ಒಂದು ಮೊಳೆ. ಸೇವಾ ನಡತೆಯ ನಿಯಮಗಳ ಪರಿವೆ ನನಗಿದೆ. ಇದನ್ನು ಟೀಕೆಯೆಂದು ತಿಳಿಯದೆ, ಮನೆ ಕಟ್ಟುತ್ತಿರುವ ನಾಗರಿಕನೊಬ್ಬನ ಮನವಿಯೆಂದು ತಿಳಿಯಬೇಕು.

ಇನ್ನೊಂದು ವಿಚಿತ್ರವಿದೆ. ಕಟ್ಟಡದ ಅನುಮತಿಯಲ್ಲಿ ನೆಲದ ವಿಸ್ತೀರ್ಣವನ್ನು ಲೆಕ್ಕಹಾಕುವಾಗ ಗೋಡೆಯ ದಪ್ಪವೂ ಅದರಲ್ಲಿ ಸೇರುತ್ತದೆ. ಗೋಡೆಯನ್ನು ದಪ್ಪ ಮಾಡಿದವನಿಗೆ ಕೋಣೆ ಕಿರಿದು. ತೆಳ್ಳಗೆ ಮಾಡಿದವನಿಗೆ ಹಿರಿದು. ಮಾರುವುದಕ್ಕೆಂದು ಕಟ್ಟುವವನಿಗಂತೂ ಹೇಳುವುದೇ ಬೇಡ. 2016ರ ರೇರಾ ಕಾಯ್ದೆಯ ಪ್ರಕಾರ ಕೊಳ್ಳುವವನಿಗೆ ಲೆಕ್ಕಕ್ಕೆ ಬರುವ ಕಾರ್ಪೆಟ್ ವಿಸ್ತೀರ್ಣದಲ್ಲಿ ಹೊರಗೋಡೆಗೆ ಸ್ಥಾನವಿಲ್ಲ. ಆ ವ್ಯಾಖ್ಯೆ ಗ್ರಾಹಕನ ಹಿತಕ್ಕಾಗಿ ಬಂದದ್ದು, ಒಳ್ಳೆಯದೇ. ಆದರೆ ಹೊರಗೋಡೆಯ ಪ್ರತಿಯೊಂದು ಇಂಚೂ ಮಾರಾಟಗಾರನಿಗೆ ನಷ್ಟವಾಗಿ ಕಾಣುವಂತಾಯಿತು. ಒಂದು ಕೈಯಿಂದ ಗೋಡೆಯನ್ನು ಸುಧಾರಿಸಿರಿ ಎಂದು, ಇನ್ನೊಂದು ಕೈಯಿಂದ ತೆಳ್ಳಗೆ ಮಾಡಿದವನಿಗೆ ಬಹುಮಾನ ಕೊಡುವ ವ್ಯವಸ್ಥೆಯಿದು.

ಎ.ಸಿ. ಇದೆಯಲ್ಲ ಎನ್ನುವವರಿಗೆ ಕೊನೆಯ ಮಾತು. ಒಂದೂವರೆ ಟನ್ನಿನ ಎ.ಸಿ. ಪೂರ್ಣ ಭಾರದಲ್ಲಿ ಓಡುವಾಗ ಕೋಣೆಯಿಂದ ಸುಮಾರು ಐದು ಕಿಲೋವ್ಯಾಟ್ ಶಾಖವನ್ನು ಎತ್ತಿ, ತಾನು ತಿಂದ ಒಂದೂವರೆ ಕಿಲೋವ್ಯಾಟನ್ನೂ ಸೇರಿಸಿ, ಆರೂವರೆ ಕಿಲೋವ್ಯಾಟನ್ನು ಬೀದಿಗೆ ಕಾರುತ್ತದೆ. ಬೀದಿಯಲ್ಲಿ ಯಾರಿದ್ದಾರೆ? ಗೇಟಿನ ಕಾವಲುಗಾರ, ಮರದ ಕೆಳಗಿನ ಇಸ್ತ್ರಿಯವನು. ನನ್ನ ಗೋಡೆಯನ್ನು ಕಟ್ಟುತ್ತಿರುವ ಬುಂದೇಲಖಂಡದ ಕೂಲಿಯವರು ನನ್ನ ನಿವೇಶನದ ಹಿಂದೆಯೇ ತಗಡಿನ ಗುಡಿಸಲಲ್ಲಿ ಮಲಗುತ್ತಾರೆ. ಅವರಿಗೆ ಎರಡಿಂಚೂ ಇಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟಿಗೆ ಏರಿ, ಅದುವರೆಗಿನ ದಾಖಲೆಗಳನ್ನು ಮುರಿಯಿತು. ಆ ಏರಿಕೆಯಲ್ಲಿ ಒಂದು ಪಾಲು ನಮ್ಮ ಬರಿಮೈಯ ಗೋಡೆಗಳದು. ನನ್ನ ಗೋಡೆ ತಡೆಯದ ಶಾಖವನ್ನು ನನ್ನ ಯಂತ್ರ ನೆರೆಯವನ ಮೇಲೆ ಎಸೆಯುತ್ತದೆ. ಅವನ ಯಂತ್ರ ನನ್ನ ಮೇಲೆ. ಯಂತ್ರವೇ ಇಲ್ಲದವನು ಎಲ್ಲರ ಪಾಲನ್ನೂ ಉಣ್ಣುತ್ತಾನೆ. ಗೋಡೆಗೆಷ್ಟು ಕಂಬಳಿ ಎಂಬ ಪ್ರಶ್ನೆ ಖಾಸಗಿ ಸುಖದ ಪ್ರಶ್ನೆಯಾಗಿ ಉಳಿಯದಿರುವುದು ಈ ಕಾರಣಕ್ಕೆ.

ಏನಾಗಬೇಕು? ದೊಡ್ಡದೇನೂ ಅಲ್ಲ. 100 ಕಿಲೋವ್ಯಾಟಿನ ಮಿತಿಯನ್ನು ತಗ್ಗಿಸುವ ಅಧಿಕಾರವನ್ನು 2022ರ ತಿದ್ದುಪಡಿಯೇ ರಾಜ್ಯಗಳಿಗೆ ಕೊಟ್ಟಿದೆ, ಅದನ್ನು ಬಳಸಲಿ. ಸಣ್ಣ ಮನೆಗಳ ಮೇಲೆ ತನಿಖಾಧಿಕಾರಿಯನ್ನು ಹೇರಿ ಇನ್ನೊಂದು ಲಂಚದ ಬಾಗಿಲು ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ನಕ್ಷೆಗೆ ಅನುಮತಿ ಕೊಡುವಾಗ ಆ ಊರಿನ ಭಾಷೆಯಲ್ಲಿ ಒಂದು ಪುಟ ಕೊಡಲಿ: ಈ ಊರಿನಲ್ಲಿ ಚಾವಣಿಗೆ ಇಷ್ಟು, ಪಶ್ಚಿಮದ ಗೋಡೆಗೆ ಇಷ್ಟು, ಕಿಟಕಿಗೆ ಇಷ್ಟು ನೆರಳು. ಹೊದಿಕೆಯ ಎರಡು ಇಂಚನ್ನು ನೆಲದ ವಿಸ್ತೀರ್ಣದ ಲೆಕ್ಕದಿಂದ ಬಿಟ್ಟುಬಿಡಲಿ. ಕೇಂದ್ರ ನೌಕರರಿಗೆ 2017ರ ನಿಯಮದಂತೆ ಗರಿಷ್ಠ 25 ಲಕ್ಷ ರೂಪಾಯಿ ಗೃಹನಿರ್ಮಾಣ ಮುಂಗಡ ಸಿಗುತ್ತದೆ; ಆ ಕಾಗದಪತ್ರಗಳ ಕಟ್ಟಿನಲ್ಲಿ ಈ ಪುಟಕ್ಕೂ ಒಂದು ಎಡೆಯಿರಲಿ.

ಸಂಘದ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೌದು ಸ್ವಾಮಿ, ಗೋಡೆಗೆ ಕಂಬಳಿ ಹೊದಿಸುತ್ತಿದ್ದೇನೆ. ಎರಡು ಗೋಡೆಗಳಿಗೆ ಎರಡೆರಡು ಇಂಚು, ತಲೆಯ ಮೇಲೆ ಮೂರಿಂಚು, ಒಂದಿಂಚೂ ಹೆಚ್ಚಿಲ್ಲ. ಮುಂದಿನ ಜೂನ್‌ನಲ್ಲಿ, ರಾತ್ರಿ ಹನ್ನೊಂದಕ್ಕೆ, ಅವ್ವನ ಮಂಚದ ಪಕ್ಕದ ಗೋಡೆಗೆ ಅದೇ ತಾಪಮಾಪಕ ಹಿಡಿಯುತ್ತೇನೆ. ಬಂದ ಅಂಕೆಯನ್ನು, ಅದು ನನ್ನ ಲೆಕ್ಕಕ್ಕೆ ವಿರುದ್ಧವಾಗಿದ್ದರೂ, ಇದೇ ಪತ್ರಿಕೆಗೆ ಬರೆದು ಕಳಿಸುತ್ತೇನೆ.